ಬೇಗಂ ಯಾವ ಕಾಲಿಟ್ಟು ಒಳಗೆ ಬಂದಳು

ನಾನು ಸೊಸೆಯಾಗಿ ಮುಕ್ಕುಂದಕ್ಕೆ ಬಂದಾಗ ನನ್ನ ಜೊತೆಗೆ ಒಂದು ತಾಮ್ರದ ಕೊಡ, ಎರಡು ಸೀರೆ, ಎರಡು ಬಿಳಿ ಮೊಲ ಬಂದವು. ಕೊಡವನ್ನು ಹೆಂಗಸರು ಬಡಿದು ನೋಡಿದರು, ಸೀರೆಯನ್ನು ಉಜ್ಜಿ ನೋಡಿದರು, ಸುಮ್ಮನಾದರು. ಮೊಲಗಳನ್ನು ನೋಡಿ ಮಾತ್ರ ಓಣಿಗೆ ಓಣಿಯೇ ಒಂದೇ ಮಾತು ಕೇಳಿತು. "ಯಾವಾಗ ಕೊಯ್ತೀರಿ?"

ಅವರದೇನೂ ತಪ್ಪಿಲ್ಲ ಬಿಡಿ. ನಮ್ಮದು ತಳವಾರರ ಓಣಿ. ಅಲ್ಲಿಯವರಿಗೆ ಮೊಲ ಅಂದರೆ ಜೋಳದ ಹೊಲದಲ್ಲಿ ಬಲೆಗೆ ಬೀಳಬೇಕು, ಮನೆಗೆ ಬಂದು ಖಾರ ಹಚ್ಚಿಸಿಕೊಳ್ಳಬೇಕು. ಸಾಕುವ ಮೊಲ, ಅದೂ ಬೆಳ್ಳಗೆ, ಕೆಂಪು ಕಣ್ಣಿನದು, ಅವರ ಅಜ್ಜ ಮುತ್ತಜ್ಜಂದಿರೂ ಕಂಡಿರಲಿಲ್ಲ. ನನ್ನ ಅಪ್ಪ ಲಿಂಗಸುಗೂರಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಬಂಗಲೆಯಲ್ಲಿ ಮಾಲಿಯಾಗಿದ್ದ. ಆ ಸಾಹೇಬರಿಗೆ ಹೈದರಾಬಾದಿಗೆ ವರ್ಗವಾದಾಗ ಅವರ ಹೆಂಡತಿ ಈ ಜೋಡಿಯನ್ನು ನನ್ನ ಉಡಿಗೆ ಹಾಕಿ ಹೋದಳು. ಗಂಡಿಗೆ ನವಾಬ, ಹೆಣ್ಣಿಗೆ ಬೇಗಂ ಅಂತ ಹೆಸರಿಟ್ಟವಳು ನಾನೇ. ಆಗ ನನಗೆ ಹದಿನಾರು ವರ್ಷ, ಸಿಟ್ಟು ಮೂಗಿನ ಮೇಲೆ, ಬುದ್ಧಿ ಎಲ್ಲಿತ್ತೋ ಗೊತ್ತಿಲ್ಲ.

ಆ ಹೆಸರಿನಿಂದ ಮೊದಲು ಬೆವರಿದವರು ನನ್ನ ಮಾವ ಅಂಬಪ್ಪ. ಅವರು ಊರ ತಳವಾರರು, ನಿಜಾಮ ಸರ್ಕಾರದ ನೌಕರಿ. ಒಂದು ದಿನ ಹಿತ್ತಲಲ್ಲಿ ನಿಂತು ನಾನು, "ಲೇ ನವಾಬ, ಎಷ್ಟು ತಿಂತೀಯೋ ಹೊಟ್ಟಿಬಾಕ, ಊರಿನ ಸೊಪ್ಪೆಲ್ಲಾ ನಿನಗ ಹಾಕಬೇಕೇನು!" ಎಂದು ಒದರುತ್ತಿದ್ದೆ. ಮಾವ ರುಮಾಲು ಬಿಚ್ಚಿಕೊಂಡೇ ಓಡಿ ಬಂದರು.

"ಮೆಲ್ಲಕ ತಾಯಿ! ಠಾಣೇದ ಅಮೀನ ಸಾಹೇಬ್ರ ಕಿವಿಗೆ ಬಿದ್ರ ನನ್ನ ನೌಕರಿ ಹೋಗ್ತೈತಿ!"

ಮೊಲಗಳ ವಾಸ ಹಿತ್ತಲಲ್ಲೇ. ಅಡ್ಡ ಮಲಗಿಸಿದ ಒಂದು ಒಡಕು ಗುಡಾಣ, ಅದರ ಬಾಯಿಗೆ ಜಾಲಿ ಮುಳ್ಳಿನ ಕಂಟಿ. ಒಂದು ಬೇಸಿಗೆ ಹಾಗೇ ಕಳೆಯಿತು. ಫಸಲಿ ಹದಿಮೂರುನೂರಾ ಐವತ್ತೊಂದನೇ ಇಸವಿಯ, ಅಂದರೆ ಈಗಿನ ಲೆಕ್ಕಕ್ಕೆ ಹತ್ತೊಂಬತ್ತುನೂರಾ ನಲವತ್ತೊಂದರ, ಚಳಿಗಾಲದಲ್ಲಿ ಒಂದು ಬೆಳಗ್ಗೆ ನಾನು ಹೋಗಿ ನೋಡುತ್ತೇನೆ, ಕಂಟಿ ಒಂದು ಕಡೆ ಬಿದ್ದಿದೆ, ನವಾಬ ಇಲ್ಲ. ಬೇಗಂ ಗುಡಾಣದ ತಳಕ್ಕೆ ಅಂಟಿಕೊಂಡು ನಡುಗುತ್ತಿದ್ದಾಳೆ. ನಾನು ನೆಲಕ್ಕೆ ಕೂತು ಗೊಳೋ ಎಂದು ಅತ್ತೆ. ಅಳುತ್ತಲೇ ಓಣಿಯವರನ್ನೆಲ್ಲ ಬೈದೆ, ಯಾರೋ ಕದ್ದು ತಿಂದಿದ್ದಾರೆ ಎಂದು.

ಮಾವ ಬಂದು ನೆಲ ನೋಡಿದರು. ಹೆಜ್ಜೆ ನೋಡುವುದೇ ಅವರ ಕಸುಬು. ಎತ್ತು ಕಳವಾದರೆ, ಕುರಿ ಕಳವಾದರೆ ಸಿಂಧನೂರಿನಿಂದ ಮಸ್ಕಿಯವರೆಗೂ ಅವರನ್ನೇ ಕರೆಯುತ್ತಿದ್ದರು. ಒಮ್ಮೆ ಕಳುವಿನ ಎತ್ತಿನ ಹೆಜ್ಜೆ ಹಿಡಿದು ಹೋಗಿ, ಅದು ಒಬ್ಬ ಪಾಟೀಲರ ಭಾವಮೈದುನನ ಅಂಗಳದಲ್ಲೇ ನಿಂತಾಗ, ಎಲ್ಲರೂ ಕಣ್ಸನ್ನೆ ಮಾಡುತ್ತಿದ್ದರೂ "ಇಲ್ಲೇ ನಿಂತೈತ್ರೀ" ಎಂದವರು. ಹೆಜ್ಜೆಯ ವಿಷಯದಲ್ಲಿ ಅವರ ಬಾಯಿಂದ ಸುಳ್ಳು ಬರುತ್ತಿರಲಿಲ್ಲ. ಬರಿಸಲು ನೋಡಿದವರು ಸೋತು ಹೋಗಿದ್ದರು.

"ಮಂದಿ ಅಲ್ಲ ಬೇ. ಕಾಡುಬೆಕ್ಕು," ಎಂದರು. "ಹಿಂದಿನ ಕಾಲು ಕುಂಟು. ಅದಕ್ಕ ಹೊಲದಾಗ ಓಡೋದು ಹಿಡಿಯಾಕ ಆಗಂಗಿಲ್ಲ. ಹಿಂಗ ಕೂಡಿಹಾಕಿದ್ದೇ ಬೇಕು. ಇವತ್ತು ರಾತ್ರಿ ಮತ್ತ ಬರ್ತೈತಿ ನೋಡು."

ಹಾಗಂದಮೇಲೆ ಮುಗಿಯಿತು. ಹೊತ್ತು ಮುಳುಗುವುದರೊಳಗೆ ಬೇಗಂ ಮನೆಯೊಳಗೆ ಬರಬೇಕು, ಇಲ್ಲದಿದ್ದರೆ ನಾಳೆಗೆ ಬೇಗಂ ಇಲ್ಲ. ಇಷ್ಟು ಸರಳ. ಆದರೆ ನಮ್ಮ ಮನೆಯ ಹೊಸ್ತಿಲ ಮೇಲೆ ನನ್ನ ಅತ್ತೆ ಗದ್ದೆಮ್ಮ ನಿಂತಿದ್ದಳು.

ಅತ್ತೆ ಆಳಿನಲ್ಲಿ ಗಿಡ್ಡ, ಮಾತಿನಲ್ಲಿ ಉದ್ದ. ಮೊಲ ಒಳಗೆ ಬರಬಾರದು ಎಂದು ಅವಳು ಅನ್ನಲಿಲ್ಲ, ಅದು ನನಗೆ ಆಶ್ಚರ್ಯವೇ. ನಮ್ಮ ಮನೆಯೊಳಗೆ ಬಾಗಿಲ ಪಕ್ಕದಲ್ಲೇ ಎತ್ತು ಕಟ್ಟುತ್ತಿದ್ದೆವು, ಒಂದು ಮೊಲ ಹೆಚ್ಚಲ್ಲ. ಅವಳದು ಒಂದೇ ಷರತ್ತು.

"ಬರ್ಲಿ. ಬಲಗಾಲು ಮುಂದಿಟ್ಟು ಬರ್ಲಿ."

"ಅತ್ತೀ, ಅದು ಮೊಲ!"

"ಎತ್ತು ಬರುವಾಗ ಬಲಗಾಲು ಇಟ್ಟು ಬಂದಿಲ್ಲೇನು? ಎಮ್ಮಿ ಬಂದಿಲ್ಲೇನು? ನೀ ಬಂದಿಲ್ಲೇನು?"

ಬಂದಿದ್ದೆ. ನಾನು ಬಂದ ದಿನ ಅತ್ತೆ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಎತ್ತಿಗೆ ಲಾಳ ಹೊಡೆಯುವವರ ಹಾಗೆ ನನ್ನ ಬಲಗಾಲು ಹಿಡಿದು ತಾನೇ ಎತ್ತಿ ಒಳಗಿಟ್ಟಿದ್ದಳು. ಎಂಥ ಗಟ್ಟಿ ಹಿಡಿತ ಅಂದರೆ ಕಾಲುಗೆಜ್ಜೆಯ ಗುರುತು ಎರಡು ದಿನ ಹೋಗಲಿಲ್ಲ. ಎಂಥ ಮಾಟಗಾತಿಯ ಕೈಗೆ ಸಿಕ್ಕೆನಪ್ಪಾ ಎಂದು ಅವತ್ತೇ ಅಂದುಕೊಂಡಿದ್ದೆ.

"ಹಂಗಾದ್ರ ಎತ್ತಿಕೊಂಡು ಬರ್ತೀನಿ. ಕಾಲು ನೆಲಕ್ಕ ಮುಟ್ಟೋದೇ ಬ್ಯಾಡ," ಎಂದೆ.

"ಎತ್ತಿಕೊಂಡು ತರೋದು ಕೂಸನ್ನ, ಕಾಳಿನ ಚೀಲಾನ. ಬದುಕು ಮಾಡಾಕ ಬರೋದು ತನ್ನ ಕಾಲಿಲೇ ಬರಬೇಕು."

ಎದುರು ಮಾತಾಡಲು ಬಾಯಿ ತೆರೆದೆ. ಆದರೆ ಹೊತ್ತು ಆಗಲೇ ನೆತ್ತಿಯಿಂದ ಇಳಿದಿತ್ತು. ಜಗಳ ಆಡುತ್ತ ಕೂತರೆ ಕುಂಟು ಬೆಕ್ಕಿಗೆ ನಾವೇ ಊಟ ಬಡಿಸಿದಂತೆ. ಆಯ್ತು ಎಂದೆ.

ಅತ್ತೆ ಪರಾತದಲ್ಲಿ ನೀರು ಹಾಕಿ ಅರಿಶಿಣ ಕುಂಕುಮ ಕಲಸಿದಳು. ಮಾವ ಒಲೆಯ ಬೂದಿ ತಂದು, ಜರಡಿ ಹಿಡಿದು, ಹೊಸ್ತಿಲ ಒಳಗಡೆ ಒಂದು ಮೊಳ ಅಗಲ ತೆಳ್ಳಗೆ ಹರವಿದರು. ಬೂದಿಯ ಮೇಲೆ ಹೆಜ್ಜೆ ಬಿದ್ದರೆ ಇರುವೆಯದಾದರೂ ಓದುತ್ತೇನೆ ಎಂದರು. ನನ್ನ ಗಂಡನ ಕೈಯಲ್ಲಿ ಒಂದು ಗಜ್ಜರಿ ಕೊಟ್ಟು ಒಳಗೆ ಕೂರಿಸಿದೆವು. ಗಂಡನ ಹೆಸರು ಹೇಳಬಾರದು ಅನ್ನುತ್ತಿದ್ದರು, ಈಗ ನನಗೆ ಹಲ್ಲೆಲ್ಲ ಬಿದ್ದಿವೆ, ಹೇಳಿದರೆ ಯಾರು ಕೇಳುತ್ತಾರೆ? ಬಸ್ಸಪ್ಪ. ಒಳ್ಳೆಯ ಮನುಷ್ಯ. ಗಜ್ಜರಿ ಹಿಡಿದುಕೋ ಅಂದರೆ ಹಿಡಿದುಕೊಳ್ಳುತ್ತಿದ್ದ, ಯಾಕೆ ಅಂತ ಕೇಳುತ್ತಿರಲಿಲ್ಲ.

ಇಷ್ಟರಲ್ಲಿ ಪಕ್ಕದ ಮನೆಯ ಮುನ್ನಿಬೀ ಬಂದಳು. ಅವಳು ಊರಿನ ಸೂಲಗಿತ್ತಿ, ಅರ್ಧ ಊರನ್ನು ಭೂಮಿಗೆ ಇಳಿಸಿದವಳು. ಪರಾತ, ಬೂದಿ, ಗಜ್ಜರಿ, ಮೊಲ ಎಲ್ಲ ನೋಡಿ, "ಗದ್ದೆವ್ವ, ಮಸಾಲಿ ಎಲ್ಲೈತಿ?" ಎಂದಳು.

"ಅಡಿಗಿ ಅಲ್ಲ ಬೇ, ಮನಿ ತುಂಬಿಸಿಕೊಳ್ಳಾಕತ್ತೀವಿ."

ಮುನ್ನಿಬೀ "ಯಾ ಅಲ್ಲಾ!" ಎಂದವಳೇ ಓಣಿಯನ್ನೆಲ್ಲ ಕೂಗಿ ಕರೆದಳು. ಮಾಡುತ್ತಿದ್ದ ಕೆಲಸ ಬಿಟ್ಟು ಜನ ಬಂದರು. ಸೋಬಾನೆ ಹಾಡಲು ನಾಲ್ಕು ಜನ ಹೆಂಗಸರು ತಯಾರಾಗಿ ಕೂತೇ ಬಿಟ್ಟರು.

ನಾನು ಬೇಗಂಳ ನಾಲ್ಕೂ ಕಾಲು ಕುಂಕುಮದ ನೀರಿನಲ್ಲಿ ಅದ್ದಿ ಹೊಸ್ತಿಲ ಹೊರಗೆ ಇಟ್ಟೆ. ಅವಳು ಕಿವಿ ಎತ್ತಿದಳು, ಗಜ್ಜರಿಯ ವಾಸನೆ ಹಿಡಿದಳು, ಟಣ್ಣನೆ ಒಳಗೆ ನೆಗೆದಳು.

ಓಣಿ ಉಸಿರು ಬಿಗಿ ಹಿಡಿಯಿತು. ಮಾವ ಮೊಣಕಾಲೂರಿ ಬೂದಿಗೆ ಮೂಗು ತಾಗುವಷ್ಟು ಬಗ್ಗಿದರು.

"ಮುಂದ ಎರಡು ದೊಡ್ಡ ಹೆಜ್ಜಿ ಅದಾವ, ಜೋಡಿ," ಎಂದರು.

"ಬಲಗಾಲು ಹೌದಿಲ್ಲೋ?"

"ತಡಿ. ಮುಂದ ಇರೋವು ಹಿಂದಿನ ಕಾಲು."

"ಏನಂದ್ರಿ?"

"ಮೊಲದ್ದು ಹಂಗೇ. ಮುಂದಿನ ಕಾಲು ಮೊದಲು ಊರ್ತೈತಿ, ಹಿಂದಿನ ಕಾಲು ಹಾರಿ ಅದಕ್ಕಿಂತ ಮುಂದ ಬೀಳ್ತಾವ. ಹಂಗಾಗಿ ಹಿಂದಿನವು ಮುಂದ, ಮುಂದಿನವು ಹಿಂದ."

ಓಣಿಯಲ್ಲಿ ಪಂಚಾಯ್ತಿ ಶುರುವಾಯಿತು. ಮುಂದೆ ಬಿದ್ದ ಹಿಂದಿನ ಕಾಲು ಲೆಕ್ಕವೋ, ಹಿಂದೆ ಬಿದ್ದ ಮುಂದಿನ ಕಾಲು ಲೆಕ್ಕವೋ? ಒಬ್ಬ ಎದ್ದು ನಿಂತು ಕೈ ನೆಲಕ್ಕೂರಿ ನೆಗೆದು ತೋರಿಸಿದ. ಇನ್ನೊಬ್ಬ ಹಾಗಲ್ಲ ಹೀಗೆ ಎಂದು ತಾನೂ ನೆಗೆದ. ನೋಡುತ್ತ ನೋಡುತ್ತ ಮೀಸೆ ಹೊತ್ತ ಗಂಡಸರು ಐದಾರು ಜನ ಬೀದಿಯಲ್ಲಿ ಕುಪ್ಪಳಿಸುತ್ತಿದ್ದರು. ಸೋಬಾನೆಯವರಿಗೆ ನಗು ಬಂದು ಹಾಡು ನಿಂತೇ ಹೋಯಿತು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟಳು. ಮೊದಲು ಯಾವುದು ನೆಲ ಮುಟ್ಟಿತೋ ಅದೇ ಲೆಕ್ಕ.

"ಹಂಗಾದ್ರ ಎಡಗಾಲು," ಎಂದರು ಮಾವ. "ಮುಂದಿನ ಎಡಗಾಲು."

"ಹೊರಗ ತಗೊಂಡು ಹೋಗ್ರಿ!" ಎಂದಳು ಅತ್ತೆ.

ಎರಡನೇ ಸಲ ನನ್ನ ಗಂಡ ತಲೆ ಓಡಿಸಿದ. ಅದು ಅಪರೂಪಕ್ಕೆ ಓಡುತ್ತಿತ್ತು, ಓಡಿದಾಗಲೆಲ್ಲ ಎಲ್ಲೋ ಗುದ್ದಿಕೊಳ್ಳುತ್ತಿತ್ತು. ಬೇಗಂಳ ಮುಂದಿನ ಬಲಗಾಲಿಗೆ ನೂಲು ಕಟ್ಟಿ ಒಳಗಿನಿಂದ ಮೆಲ್ಲಗೆ ಎಳೆಯುತ್ತೇನೆ ಎಂದ. ಎಳೆದ. ಬೇಗಂ ಆಕಾಶಕ್ಕೆ ಹಾರಿದಳು, ಗಾಳಿಯಲ್ಲೇ ತಿರುಗಿದಳು, ನೂಲು ಹರಿದು ಮುನ್ನಿಬೀಯ ಎದೆಯ ಮೇಲೆ ಬಂದು ಬಿದ್ದಳು. ಮುನ್ನಿಬೀ ಹಿಂದಕ್ಕೆ ಉರುಳಿ ಹಾಡುವವರ ಮೇಲೆ ಬಿದ್ದಳು. ಅವಳ ಬಿಳಿ ಕುಪ್ಪಸದ ಮೇಲೆ ನಾಲ್ಕು ಕೆಂಪು ಹೆಜ್ಜೆ. ಮಾವ ಅಭ್ಯಾಸಬಲದಿಂದ ಅದನ್ನೂ ಓದಲು ಬಗ್ಗಿದರು.

"ದೂರ ಸರೀರಿ ಅಂಬಣ್ಣ, ತೋಬಾ ತೋಬಾ!" ಎಂದು ಮುನ್ನಿಬೀ ಸೆರಗು ಎಳೆದುಕೊಂಡಳು. ಮಾವ ಕಿವಿಯವರೆಗೂ ಕೆಂಪಾದರು. ಓಣಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಿತು.

ಮೂರನೇ ಸಲ ನಾನೇ ಕೂತೆ. ಅತ್ತೆ ನನಗೆ ಮಾಡಿದ್ದನ್ನೇ ನಾನು ಬೇಗಂಗೆ ಮಾಡುವುದೆಂದು ಅವಳ ಬಲಗಾಲು ಹಿಡಿದು ಎತ್ತಿದೆ. ಅವಳು ಹಿಂದಿನ ಎರಡೂ ಕಾಲಿನಿಂದ ಪರಾತಕ್ಕೆ ಒದ್ದಳು. ಕುಂಕುಮದ ನೀರು ನನ್ನ ಮುಖಕ್ಕೆ, ಬಾಯಿಗೆ, ಮೂಗಿಗೆ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬೇಗಂ ಒಳಗೆ ಹೋಗಿ ಗಜ್ಜರಿ ಕಡಿಯುತ್ತಿದ್ದಳು. ಮಾವ ಬಗ್ಗಿದರು, ತಲೆ ಕೆರೆದುಕೊಂಡರು.

"ಮತ್ತ ಎಡಗಾಲೇ."

"ಮೂರು ಸಲ ಗಂಡನ ಮನಿಗೆ ಹೊಂಟಿತು, ಮೂರು ಸಲ ತವರಿಗೆ ಹೋತು," ಎಂದಳು ಮುನ್ನಿಬೀ. "ಇಂಥ ಸೊಸಿ ಯಾರಿಗೂ ಬ್ಯಾಡಪ್ಪಾ."

ಎಲ್ಲರೂ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಅದರ ಹಿಂದೆಯೇ ಅಳುವೂ ಬರುತ್ತಿತ್ತು. ಬಿಸಿಲು ಗೋಡೆಯ ಮೇಲಕ್ಕೆ ಏರಿತ್ತು. ಹಿತ್ತಲಲ್ಲಿ ಆ ಗುಡಾಣ ಬಾಯಿ ತೆರೆದುಕೊಂಡು ಬಿದ್ದಿತ್ತು. ಲಿಂಗಸುಗೂರಿನಿಂದ ನನ್ನ ಜೊತೆ ಬಂದ ಜೀವ ಅಂತ ಉಳಿದದ್ದು ಇದೊಂದೇ. ಇದೂ ಹೋದರೆ ಈ ಊರಿನಲ್ಲಿ ನನ್ನನ್ನು ತವರಿನಿಂದ ಬಲ್ಲವರು ಅಂತ ಯಾರಿದ್ದರು? ನನ್ನ ಸಿಟ್ಟು ನೆತ್ತಿಗೇರಿತು. ಮುಖದ ತುಂಬ ಕುಂಕುಮ ಇಳಿಸಿಕೊಂಡೇ ಎದ್ದು ನಿಂತೆ.

"ಮಾವಾ, ಬಲಗಾಲು ಅಂದುಬಿಡ್ರೀ! ಯಾರು ನೋಡ್ಯಾರ? ಒಂದು ಸುಳ್ಳು ಹೇಳಿದ್ರ ನಿಮ್ಮ ಗಂಟೇನು ಹೋಗ್ತೈತಿ? ಒಂದು ಜೀವ ಉಳೀತೈತಿ!"

ಮಾವ ಬಾಯಿ ತೆರೆದರು. ಆದರೆ ಮಾತು ಬಂದದ್ದು ಅತ್ತೆಯ ಬಾಯಿಂದ.

"ಅವರು ಅನ್ನಂಗಿಲ್ಲ! ಅನ್ನೋ ಮನಿಷ್ಯಾ ಆಗಿದ್ರ ಅವತ್ತೇ ಅಂತಿದ್ರು!"

ನಗು ಒಮ್ಮೆಲೇ ನಿಂತಿತು. ಅತ್ತೆ ಹೊಸ್ತಿಲ ಮೇಲೆ ಕೂತೇಬಿಟ್ಟಳು.

"ನನಗ ಹದಿಮೂರು ವರ್ಷ. ಇದೇ ಹೊಸ್ತಿಲು. ಮಂದಿ ನೋಡಿ ಹೆದರಿ ಯಾವ ಕಾಲು ಇಟ್ಟೆ ಅಂತ ನನಗೇ ತಿಳೀಲಿಲ್ಲ. ಯಾರಿಗೂ ತಿಳೀಲಿಲ್ಲ. ಈ ಪುಣ್ಯಾತ್ಮ ಬಗ್ಗಿ ನೋಡಿ 'ಎಡಗಾಲು!' ಅಂತ ಊರಿಗೆಲ್ಲ ಕೇಳೂ ಹಂಗ ಒದರಿದ್ರು. ಅವತ್ತಿನಿಂದ ನನ್ನ ಅತ್ತಿ ಬಿಟ್ಟಾಳೇನು? ಎಮ್ಮಿ ಸತ್ತರ ಎಡಗಾಲು. ಮಳಿ ತಡ ಆದ್ರ ಎಡಗಾಲು. ಹಾಲು ಉಕ್ಕಿದ್ರ ಎಡಗಾಲು. ಸಾಯೂ ಮುಂದ ಬಾಯಿಗೆ ನೀರು ಹಾಕಿದೆ. 'ಎಡಗೈಲೇ ಹಾಕಿದಿ ಏನು?' ಅಂತ ಕೇಳಿ ಸತ್ಲು!"

ಕೊನೆಯ ಮಾತಿಗೆ ಮುನ್ನಿಬೀ ನಗಬಾರದಾಗಿತ್ತು, ನಕ್ಕಳು, ಬಾಯಿ ಮುಚ್ಚಿಕೊಂಡಳು. ನಾನು ನಗಲಿಲ್ಲ. ನನ್ನ ಬಲಗಾಲನ್ನು ಇವಳು ಯಾಕೆ ಅಷ್ಟು ಗಟ್ಟಿ ಹಿಡಿದಿದ್ದಳು ಎಂದು ಆಗ ತಿಳಿಯಿತು. ಮಾಟಗಾತಿ ಅಂದುಕೊಂಡಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ಮಾವ ಇನ್ನೂ ಬೂದಿಯ ಮುಂದೆ ಮೊಣಕಾಲೂರಿಯೇ ಇದ್ದರು. ಕಳ್ಳರ ಮುಂದೆ, ಅಮೀನರ ಮುಂದೆ ಎದೆ ಸೆಟೆಸಿ ನಿಂತ ಮನುಷ್ಯ, ಈಗ ಪಾಠ ಒಪ್ಪಿಸಲು ಬಾರದ ಹುಡುಗನ ಹಾಗೆ ಕಾಣುತ್ತಿದ್ದರು.

"ಎಡಗಾಲು ಅಂದೆ," ಎಂದರು. "ಕೆಟ್ಟದ್ದು ಅಂತ ನಾ ಯಾವಾಗ ಅಂದೆ?"

ಅತ್ತೆ ತಲೆ ಎತ್ತಿದಳು.

"ಅವತ್ತಿಗೆ ನಮ್ಮಪ್ಪ ನನಗ ಎತ್ತಿನ ಹೆಜ್ಜಿ ಕಲಿಸಿದ್ದ, ಆಡಿನ ಹೆಜ್ಜಿ ಕಲಿಸಿದ್ದ. ಮನಿಷ್ಯಾರದು ಎಷ್ಟು ನೋಡಿದ್ರೂ ತಲೀಗೆ ಹತ್ತತಿರಲಿಲ್ಲ. ದಿನಾ ಬೈಸಿಕೊಳ್ತಿದ್ದೆ. ಅವತ್ತು ನಿನ್ನ ಹೆಜ್ಜಿ ನೋಡಿದೆ, ಒಮ್ಮಿಗೇ ತಿಳೀತು. ನಾ ಮೊದಲ್ನೇ ಸಲ ಓದಿದ್ದು ಅದು. ಖುಷಿಗೆ ಒದರಿಬಿಟ್ಟೆ."

"ಖುಷಿಗೆ?"

"ಹೂಂ. ನಿನ್ನ ಎಡಗಾಲಿನ ಕಿರಿಬೆರಳು ನೆಲ ಮುಟ್ಟಂಗಿಲ್ಲ. ಈ ಊರಾಗ ಅಂಥ ಹೆಜ್ಜಿ ಇನ್ನೊಂದಿಲ್ಲ. ಹೊಲದಿಂದ ಬಂದಾಗ ಬಾಗಿಲಾಗ ಅದನ್ನೇ ಮೊದಲು ನೋಡ್ತೀನಿ, ಇಕಿ ಮನ್ಯಾಗ ಅದಾಳ, ಇಲ್ಲಾ ನೀರಿಗೆ ಹೋಗ್ಯಾಳ ಅಂತ. ಬಲಗಾಲು ಬಿಡು, ಎಲ್ಲಾರದೂ ಒಂದೇ ನಮೂನಿ."

ಇಡೀ ಓಣಿಯ ಮುಂದೆ, ಬೂದಿಯಲ್ಲಿ ಮೊಣಕಾಲೂರಿ, ಐವತ್ತರ ಹತ್ತಿರದ ತಳವಾರ ಅಂಬಪ್ಪ ಹೆಂಡತಿಗೆ ಹೀಗಂದರು. ಮುನ್ನಿಬೀ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆದಳು. ಓಣಿ ಹುಯ್ಯೋ ಎಂದಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗಿನೊಳಗೆ ಅಳುತ್ತಿದ್ದಾಳೋ ಏನೋ ಎಂದು ನಾನು ಹತ್ತಿರ ಹೋದೆ. ಭುಜ ಕುಲುಕಾಡುತ್ತಿದ್ದವು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಮತ್ತ ಮೂವತ್ತು ವರ್ಷ ಇದನ್ನ ಹೇಳಾಕ ಏನು ಧಾಡಿ ಆಗಿತ್ತ್ರೀ ನಿಮಗ?"

"ನೀ ಕೇಳಲಿಲ್ಲ," ಎಂದರು ಮಾವ.

ಅತ್ತೆ ಕಣ್ಣೊರೆಸಿಕೊಂಡು ಎದ್ದಳು. ಪರಾತಕ್ಕೆ ಮತ್ತೆ ನೀರು ಹಾಕಿದಳು, ಮತ್ತೆ ಕುಂಕುಮ ಕಲಸಿದಳು, ಗಂಡನ ಕೈಯಲ್ಲಿ ಜರಡಿ ಕೊಟ್ಟು ಹೊಸ ಬೂದಿ ಹರವಿಸಿದಳು. ಬೇಗಂಳನ್ನು ತಾನೇ ಎತ್ತಿಕೊಂಡು ಹೊರಗೆ ತಂದು, ಅವಳ ಎಡಗಾಲನ್ನು ಒಂದಕ್ಕೆರಡು ಸಲ ಅದ್ದಿದಳು.

"ಬಾ ನಮ್ಮವ್ವ. ಎಡಗಾಲು ಇಟ್ಟು ಬಾ. ಯಾರು ಏನಂತಾರ ನೋಡೂಣು."

ಬೇಗಂ ಒಂದು ಕಿವಿ ಇಳಿಸಿದಳು, ಸೀನಿದಳು, ನೆಗೆದಳು.

ಮಾವ ಬಗ್ಗಿದರು. ಬಹಳ ಹೊತ್ತು ನೋಡಿದರು. ಅವರ ಮೀಸೆ ಅಲುಗಾಡತೊಡಗಿತು.

"ಏನಾತ್ರೀ?"

"ಬಲಗಾಲು."

ಆವತ್ತು ನಮ್ಮ ಓಣಿ ನಕ್ಕಿದ್ದು ಹೊಳೆಯ ಆಚೆ ದಂಡೆಗೂ ಕೇಳಿಸಿರಬೇಕು. ನನ್ನ ಗಂಡ ನೆಲದ ಮೇಲೆ ಬಿದ್ದು ಹೊರಳಾಡಿದ, ಅವನು ಹಾಗೆ ನಕ್ಕದ್ದು ನಾನು ಅದೇ ಮೊದಲು ನೋಡಿದ್ದು. ಅತ್ತೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಮೊಲವನ್ನು ಬೈಯುತ್ತಿದ್ದಳು. "ಹೊರಗ ಹಾಕ್ರಿ ಇದನ್ನ! ಹೇಳಿದ್ದು ಒಂದೂ ಕೇಳಂಗಿಲ್ಲ! ಎಡಗಾಲು ಇಡು ಅಂದ್ರ ಬಲಗಾಲು ಇಡ್ತೈತಿ!" ಬೇಗಂ ಅಷ್ಟೊತ್ತಿಗೆ ಎತ್ತಿನ ಗ್ವಾದಲಿಯಲ್ಲಿ ಕೂತು, ಎತ್ತಿನ ಮೂತಿಯ ಕೆಳಗಿನಿಂದಲೇ ಮೇವು ಎಳೆದು ತಿನ್ನುತ್ತಿದ್ದಳು. ಅವಳನ್ನು ಹೊರಗೆ ಹಾಕಲು ಯಾರೂ ಏಳಲಿಲ್ಲ. ಹೊತ್ತು ಮುಳುಗಿತು, ಮಾವ ಬಾಗಿಲಿಗೆ ದೀಪ ತಂದಿಟ್ಟರು, ನನ್ನ ಜೀವ ಹಗುರಾಯಿತು.

ಜನ ಚದುರಲು ಶುರುಮಾಡಿದಾಗ ಅತ್ತೆ, "ತಡೀರಿ," ಎಂದಳು.

ಅಂಗಳಕ್ಕೆ ಇಳಿದು, ಸೀರೆ ಸ್ವಲ್ಪ ಎತ್ತಿ, ಪರಾತದ ನೀರಿನಲ್ಲಿ ತನ್ನ ಎಡಗಾಲು ಅದ್ದಿದಳು. ಬಲಗಾಲನ್ನು ಹಿಂದೆಯೇ ಗಟ್ಟಿಯಾಗಿ ಊರಿಕೊಂಡು ಹೊಸ್ತಿಲು ದಾಟಿ ಬೂದಿಯ ಮೇಲೆ ಎಡಗಾಲು ಇಟ್ಟಳು, ಮೊಲದ ಹೆಜ್ಜೆಯ ಪಕ್ಕಕ್ಕೇ. ಬೂದಿಯಲ್ಲಿ ನಾಲ್ಕು ಬೆರಳಷ್ಟೇ ಕೆಂಪಗೆ ಮೂಡಿದವು.

"ಓದ್ರಿ," ಎಂದಳು ಮಾವನಿಗೆ. "ಅವತ್ತು ಒದರಿದಂಗ ಒದರ್ರಿ."

ಮಾವ ಬಗ್ಗಲಿಲ್ಲ, ದೀಪ ಹಿಡಿಯಲಿಲ್ಲ. ನಿಂತಲ್ಲಿಂದಲೇ ಓಣಿಯ ಕೊನೆಯ ಮನೆಗೂ ಕೇಳುವ ಹಾಗೆ "ಎಡಗಾಲು!" ಎಂದು ಕೂಗಿದರು. ನಾಯಿಗಳು ಬೊಗಳಿದವು. ಅತ್ತೆ ಮುಖದ ತುಂಬ ನಗುತ್ತ ಒಳಗೆ ಬಂದಳು.

ಮಾರನೆಯ ಬೆಳಗ್ಗೆ ನಾನು ಕಸಬರಿಗೆ ಹಿಡಿದು ಬಾಗಿಲಿಗೆ ಹೋದೆ. ಅತ್ತೆ ನನ್ನ ಕೈಯಿಂದ ಅದನ್ನು ಕಿತ್ತುಕೊಂಡಳು. ಮೂರು ದಿನ ಆ ಬೂದಿ ಗುಡಿಸಲು ಬಿಡಲಿಲ್ಲ, ಮನೆಮಂದಿಯೆಲ್ಲ ಅದನ್ನು ದಾಟಿಕೊಂಡೇ ಓಡಾಡಿದೆವು.